ಒಲೆಗೆ ರಜೆ

ನಮ್ಮ ಭಾವನವರು ಹಸಿ ಆಹಾರದ ವ್ರತ ಹಿಡಿದಿದ್ದಾರೆ. ಒಲೆ ಕಂಡದ್ದೆಲ್ಲ ವರ್ಜ್ಯ. ಮಧ್ಯಾಹ್ನ ತುರಿದ ಕ್ಯಾರೆಟ್ಟು, ರಾತ್ರಿ ಉಳಿದ ಕ್ಯಾರೆಟ್ಟು.

"ಇದೇನು ಮಹಾ, ರಾಮನವಮಿಯ ಕೋಸಂಬರಿ ತಾನೇ" ಎನ್ನುತ್ತ ಅಕ್ಕ ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ ಬೆರೆಸಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ ಚುಂಯ್ ಎನಿಸಲು ಬಂದಳು. ಭಾವ ಬಟ್ಟಲನ್ನು ಸರಕ್ಕನೆ ಎಳೆದುಕೊಂಡರು. ಒಗ್ಗರಣೆಯೂ ಬೆಂಕಿಯದ್ದೇ ಅಲ್ಲವೇ! ಮೂಗು ಮಾತ್ರ ಸೌಟಿನ ಹಿಂದೆಯೇ ಹೋಯಿತು.

ಗಾಂಧೀಜಿಯೂ 1929ರಲ್ಲಿ ಹಸಿ ಆಹಾರ ಪ್ರಯೋಗಿಸಿ, ಹೊಟ್ಟೆ ಕೆಟ್ಟು ಕೈಬಿಟ್ಟರು ಎಂದೆ.

"ಅವರ ಹತ್ತಿರ ಮಿಕ್ಸಿ ಇರಲಿಲ್ಲ" ಎಂದರು ಭಾವ. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಟೊಮೆಟೊದಲ್ಲಿರುವ ಲೈಕೋಪೀನ್ ಬೇಯಿಸಿದರೇ ಮೈಗೆ ಚೆನ್ನಾಗಿ ಹತ್ತುವುದು ಎಂದು ಸುಮ್ಮನೆ ಒಂದು ಮಾತು ಬಿಟ್ಟೆ. ಭಾವ ಅಗಿಯುವುದನ್ನು ನಿಲ್ಲಿಸಿದರು. ಅಡುಗೆಮನೆಯತ್ತ ಕತ್ತು ಚಾಚಿ, "ಲೇ, ಸಾರಿಗೆ ಟೊಮೆಟೊ ಹಾಕಿದ್ದೀಯಾ?"