ಅಲ್ಪತೃಪ್ತಿ ಮೀಮಾಂಸೆ: ಕ್ಯಾಲೆಂಡರ್ ಶಾಸನವೊಂದರ ಸಟೀಕ ಅಧ್ಯಯನ

ಈ ಅಧ್ಯಯನದ ಆಕರ ಮೈಸೂರಿನ ಮನೆಯೊಂದರ ಅಡುಗೆಕೋಣೆಯಲ್ಲಿ, ಫ್ರಿಜ್ಜಿನ ಎಡಗಡೆಯ ಮೊಳೆಗೆ ನೇತುಹಾಕಿದ ಒಂದು ಕ್ಯಾಲೆಂಡರ್. ಲಿಪಿ ಕನ್ನಡ, ಭಾಷೆ ಹಾಲಿನ ಲೆಕ್ಕದ್ದು. ಒಂದನೇ ತಾರೀಖಿನ ಚೌಕದಲ್ಲಿ ಕೆಂಪು ಶಾಯಿಯಲ್ಲಿ ‘ಇಂದಿನಿಂದ ತೃಪ್ತಿ ಮಾಸ’ ಎಂದಿದೆ. ಅದರ ಕೆಳಗೆ ಬೇರೊಂದು ಕೈಬರಹ, ಪೆನ್ಸಿಲಿನಲ್ಲಿ: ‘ಹಾಲು 2, ಮೊಸರು 1.’ ಪೆನ್ಸಿಲಿನದು ಪ್ರಕ್ಷಿಪ್ತವೆಂದು ಮನೆಯ ಯಜಮಾನನ ವಾದ. ಪೆನ್ಸಿಲಿನ ಪಾಠ ಹತ್ತೊಂಬತ್ತು ವರ್ಷಗಳಿಂದ ತಪ್ಪದೆ ನಡೆದು ಬಂದದ್ದು, ನಡುವೆ ತುರುಕಿದ್ದು ಕೆಂಪು ಶಾಯಿಯೇ ಎಂದು ಯಜಮಾನಿಯ ಪಕ್ಷ. ಈ ಲೇಖಕ ಮಧ್ಯಸ್ಥ. ಯಜಮಾನನ ಜೊತೆ ಅವನಿಗೆ ಹತ್ತಿರದ ಪರಿಚಯವಿರುವುದು ನಿಜ, ಇಬ್ಬರೂ ಒಂದೇ ಕನ್ನಡಕ ಹಾಕುತ್ತಾರೆ. ಆದರೆ ಅದರಿಂದ ತೀರ್ಮಾನಕ್ಕೆ ಬಾಧಕವಿಲ್ಲ.

ಮೊದಲು ಶಬ್ದಶೋಧ. ‘ತೃಪ್ತಿ’ ಸಂಸ್ಕೃತದ ತೃಪ್ ಧಾತುವಿನಿಂದ ಹುಟ್ಟಿದ್ದು. ‘ತರ್ಪಣ’ ಹುಟ್ಟಿದ್ದೂ ಅದರಿಂದಲೇ. ಹಾಗಾಗಿ ಯಜಮಾನ ‘ತೃಪ್ತಿ’ ಎಂದಾಗಲೆಲ್ಲ ಮನೆಯಲ್ಲಿ ಏನಾದರೊಂದಕ್ಕೆ ಎಳ್ಳುನೀರು ಬಿಡುತ್ತಿದ್ದುದು ವ್ಯಾಕರಣದ ದೃಷ್ಟಿಯಿಂದ ಶುದ್ಧವೇ. ಮೊದಲ ವಾರ ಹೀಗೆ ಸದ್ಗತಿ ಪಡೆದದ್ದು ಹೆಂಡತಿಯ ದಿನಕ್ಕೊಂದು ಮೊಳ ಮಲ್ಲಿಗೆ, ತಾಯಿಯ ವಾರಪತ್ರಿಕೆ, ಮಗಳು ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತರಿಸುತ್ತಿದ್ದ ಚಿಪ್ಸು, ಮತ್ತು ಇಸ್ತ್ರಿ. ತನ್ನ ಪಾಲಿನ ತ್ಯಾಗವಾಗಿ ಯಜಮಾನ ಶೇವಿಂಗ್ ಕ್ರೀಮು ಬಿಟ್ಟ. ಗಡ್ಡ ಬಿಡುವ ಯೋಚನೆ ಅವನಿಗೆ ಮೊದಲೇ ಇತ್ತೆಂದು ಒಂದು ಪಾಠಾಂತರವಿದೆ. ಇಸ್ತ್ರಿ ರದ್ದಾದ ಮೇಲೂ ಅವನ ಅಂಗಿಗಳು ಮಡಿಕೆ ಕೆಡದೆ ಬೀರುವಿನಲ್ಲಿ ಸಿಗುತ್ತಿದ್ದವು. ತೃಪ್ತ ಮನಸ್ಸಿನ ಪ್ರಭಾವ ಹತ್ತಿಬಟ್ಟೆಯ ಮೇಲೂ ಆಗುತ್ತದೆ ಎಂಬ ಪ್ರಮೇಯವನ್ನು ಅವನು ಮಂಡಿಸಿದ್ದು ಆಗಲೇ. ಅದನ್ನು ಮನೆಯಲ್ಲಿ ಯಾರೂ ಖಂಡಿಸಲಿಲ್ಲ.

ಪತಂಜಲಿ ತನ್ನ ಐದು ನಿಯಮಗಳಲ್ಲಿ ಸಂತೋಷಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದಾನೆ, ಶೌಚದ ನಂತರ. ಕಾಫಿಯ ಸ್ಥಾನ ಯಾವುದೆಂದು ಅವನು ಹೇಳಿಲ್ಲ. ಅನುಭವಸ್ಥರ ಪ್ರಕಾರ ಅದು ಶೌಚಕ್ಕೂ ಮೊದಲು. ಆದ್ದರಿಂದ ಈ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಪುಡಿಯಲ್ಲಿ ಚಿಕೋರಿ ಹೆಚ್ಚಿಸಿದರೆ ಹಣ ಉಳಿಯುತ್ತದೆಂದು ಯಜಮಾನನೇ ಸೂಚಿಸಿದ. ಎಂಬತ್ತು–ಇಪ್ಪತ್ತು ಇದ್ದದ್ದು ಅರವತ್ತು–ನಲವತ್ತಾಯಿತು. ಇನ್ನೂ ಮುಂದೆ ಹೋಗುವ ಉತ್ಸಾಹವಿತ್ತು, ಆದರೆ ಕಾನೂನು ಅಡ್ಡ ಬಂತು: ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು. ಪ್ರಜೆಯ ಅಲ್ಪತೃಪ್ತಿಗೆ ಸರ್ಕಾರ ಮಿತಿ ಹೇರಿರುವುದು, ನನಗೆ ತಿಳಿದಮಟ್ಟಿಗೆ, ಇದೊಂದೇ ಕಡೆ. ನಾಲ್ಕನೆಯ ದಿನ ಸಂಜೆ ಯಜಮಾನ ವಾಕಿಂಗಿಗೆಂದು ಹೊರಟು ಹೋಟೆಲಿನಲ್ಲಿ ಒಂದು ಬೈ-ಟು ಹೇಳಿದ. ಜೊತೆಗೆ ಯಾರೂ ಇರಲಿಲ್ಲ. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತ ಕೂರುತ್ತದೆ. ಇಲ್ಲಿ ಎರಡೂ ಕುಡಿದವು. ಕ್ಯಾಲೆಂಡರಿನಲ್ಲಿ ಈ ಘಟನೆಯ ಉಲ್ಲೇಖವಿಲ್ಲ.

ವಿದ್ಯುತ್ತಿನಲ್ಲಿ ಉಳಿಸೋಣವೆಂದರೆ 2023ರ ಜುಲೈಯಿಂದ ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆಯಾಗಿತ್ತು. ಸೊನ್ನೆಯಿಂದ ಕಳೆಯುವ ವಿಧಾನ ಭಾಸ್ಕರಾಚಾರ್ಯನಿಗೆ ತಿಳಿದಿತ್ತು. ಯಜಮಾನನಿಗೆ ಉಳಿತಾಯದ ಕಾಲಂನಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಬಸ್ಸಿನಲ್ಲೂ ಇದೇ ಕಥೆ. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮನೆಯ ಮೂವರು ಹೆಂಗಸರಿಗೂ ಟಿಕೆಟ್ ಪುಕ್ಕಟೆ, ಕಡಿತ ಮಾಡಬಹುದಾದ ಪ್ರಯಾಣಿಕ ಅವನೊಬ್ಬನೇ. ಎರಡು ದಿನ ನಡೆದ. ಮೂರನೆಯ ದಿನ ದೇವರಾಜ ಮಾರ್ಕೆಟ್ಟಿನ ತರಕಾರಿಗೆ ಹೆಂಡತಿಯನ್ನೇ ಕಳಿಸುವುದು ಮಿತವ್ಯಯವೆಂದು ಕಂಡುಕೊಂಡ. ಅವಳಿಗೆ ಚಾರ್ಜಿಲ್ಲವಲ್ಲ. ಮೂರು ಚೀಲಗಳ ಭಾರಕ್ಕೂ ಯಾರೂ ಟಿಕೆಟ್ ಹರಿಯುವುದಿಲ್ಲ.

ಇನ್ನು ಕೃತಜ್ಞತೆ. ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು. ರಾತ್ರಿ ಊಟಕ್ಕೆ ಕೂತಾಗ ಪ್ರತಿಯೊಬ್ಬರೂ ಮೂರು ಸಂಗತಿಗಳಿಗೆ ಧನ್ಯವಾದ ಹೇಳಬೇಕೆಂದು ಯಜಮಾನ ವಿಧಿಸಿದ. ಕ್ಷೇತ್ರಕಾರ್ಯದ ಟಿಪ್ಪಣಿಯಿಂದ:

“ವೈಫೈಗೆ, ವೈಫೈಗೆ, ಮತ್ತೆ ವೈಫೈಗೆ,” ಎಂದಳು ಮಗಳು.

“ಧನ್ಯವಾದ ಅನ್ನೋಕೆ ಇವರೇನು ವಾರ್ತೆ ಓದ್ತಿದಾರೇನೋ?” ಎಂದರು ತಾಯಿ. “ಸಾರಿಗೆ ಉಪ್ಪು ಕಮ್ಮಿ. ಅದನ್ನ ಬೇಕಾದ್ರೆ ಬರ್ಕೋ.”

ಯಜಮಾನಿ ಬಡಿಸುತ್ತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಉಳಿದವರು ಕೈ ತೊಳೆದಿದ್ದರು.

ಆರ್ಥಿಕ ಆಯಾಮವನ್ನು ಬಿಟ್ಟರೆ ಪ್ರಬಂಧ ಅಪೂರ್ಣ. ಮನೆ ಬಡವಾದಷ್ಟೂ ಅದರ ಖರ್ಚಿನಲ್ಲಿ ಊಟದ ಪಾಲು ಹೆಚ್ಚು ಎಂದು 1857ರಲ್ಲಿ ಜರ್ಮನಿಯ ಅರ್ನ್ಸ್ಟ್ ಎಂಗೆಲ್ ತೋರಿಸಿದ. (ಇವನು ಮಾರ್ಕ್ಸನ ಗೆಳೆಯನಲ್ಲ, ಬೇರೆ.) 2022–23ರ ಸಮೀಕ್ಷೆಯಂತೆ ನಮ್ಮ ದೇಶದ ನಗರಗಳಲ್ಲಿ ಈ ಪಾಲು ಸುಮಾರು ಶೇ. 39. ನಮ್ಮ ಯಜಮಾನ ಹೂವು, ಪತ್ರಿಕೆ, ಬಸ್ಸು, ಇಸ್ತ್ರಿ ಎಲ್ಲವನ್ನೂ ತೆಗೆದ. ತಿಂಡಿಗೆ ಮಾತ್ರ ಕೈಹಚ್ಚಲು ಧೈರ್ಯ ಬರಲಿಲ್ಲ. ಪರಿಣಾಮವಾಗಿ ಊಟದ ಪಾಲು ಶೇ. 64ಕ್ಕೇರಿತು. ಸಂಬಳ ಮೊದಲಿನಷ್ಟೇ ಬರುತ್ತಿದ್ದರೂ ಎಂಗೆಲನ ಅಳತೆಗೋಲಿನಲ್ಲಿ ಕುಟುಂಬ ಇಪ್ಪತ್ತೇ ದಿನದಲ್ಲಿ ಕಡುಬಡತನಕ್ಕಿಳಿದಿತ್ತು.

ತೌಲನಿಕವಾಗಿ ಎರಡು ನಿದರ್ಶನಗಳಿವೆ. ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದಳೆಂದು ಶರಣರ ಕಥನಗಳು ಹೇಳುತ್ತವೆ. ಯಜಮಾನ ಈ ಕಥೆಯನ್ನು ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿದ. ಕಥೆಯಲ್ಲಿ ಸಾಕು ಎಂದವಳು ಹೆಂಡತಿ, ನಡೆದುಹೋದವನು ಗಂಡ ಎಂಬ ಅಂಶ ಎರಡು ಸಲವೂ ಬಿಟ್ಟುಹೋಯಿತು.

ಇನ್ನೊಬ್ಬ ಅಮೆರಿಕದ ಥೋರೋ. 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ 28 ಡಾಲರ್ 12½ ಸೆಂಟಿಗೆ ಮನೆ ಕಟ್ಟಿಕೊಂಡು, ಅರ್ಧ ಸೆಂಟನ್ನೂ ಬಿಡದೆ ಲೆಕ್ಕ ಬರೆದಿಟ್ಟ ಮಹಾನುಭಾವ. ಅವರ ಮನೆತನದ ಕಸುಬು ಪೆನ್ಸಿಲ್ ಮಾಡುವುದು, ಬರೆಯಲು ಬರವಿರಲಿಲ್ಲ. ಹುರುಳಿಕಾಯಿ ಬೆಳೆಯಲ್ಲಿ 8 ಡಾಲರ್ 71½ ಸೆಂಟು ಲಾಭ ಬಂದದ್ದೂ ದಾಖಲಾಗಿದೆ. ಅದೇ ಲೆಕ್ಕದ ನಡುವೆ, ಬಟ್ಟೆ ಒಗೆಸಿದ್ದು, ಹೊಲಿಸಿದ್ದು ಮಾತ್ರ ಸೇರಿಲ್ಲ. ಅವು ಬಹುಪಾಲು ಹೊರಗೆ ಆಗುತ್ತಿದ್ದವು, ಬಿಲ್ಲು ಇನ್ನೂ ಬಂದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಜಗತ್ಪ್ರಸಿದ್ಧ ಸರಳ ಜೀವನದ ಅಂಗಿ ಒಗೆದವರು ಯಾರು, ಅವರಿಗೆ ಹಣ ಸಂದಿತೇ ಎಂಬುದು ಪುಸ್ತಕದಿಂದ ಗೊತ್ತಾಗುವುದಿಲ್ಲ. ಯಜಮಾನನಿಗೆ ಇದು ಮಹಾತ್ಮರಲ್ಲಿ ಸಹಜವಾದ ಮರೆವು ಅನ್ನಿಸಿತು. ಮೂವತ್ತನೇ ತಾರೀಖು ಕೆಂಪು ಶಾಯಿಯಲ್ಲಿ ‘ಉಳಿತಾಯ 2,140. ಯಾರಿಗೂ ಯಾವ ಕೊರತೆಯೂ ಆಗಲಿಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ.

ಪ್ರಬಂಧದ ಕರಡನ್ನು ವಿದ್ವತ್ ಪರಿಶೀಲನೆಗಾಗಿ ಯಜಮಾನಿಗೆ ಒಪ್ಪಿಸಲಾಯಿತು. ಮೂರು ದಿನ ಅದು ಅಡುಗೆಕೋಣೆಯಲ್ಲಿತ್ತು. ಮೊದಲ ಹಾಳೆಯ ಮೇಲಿನ ದುಂಡನೆಯ ಗುರುತಿನಿಂದ ಕುಕ್ಕರಿನ ಕೆಳಗೆಂದು ಊಹಿಸಬಹುದು. ಹಿಂತಿರುಗಿ ಬಂದಾಗ ಪತಂಜಲಿಯ ಬಗೆಗಾಗಲಿ ಎಂಗೆಲನ ಬಗೆಗಾಗಲಿ ಆಕ್ಷೇಪ ಇರಲಿಲ್ಲ. ಥೋರೋ ಬಂದ ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ:

‘ರೀ, ಇಸ್ತ್ರಿಯವರಿಗೆ 310 ಬಾಕಿ. ನಾಳೆ ಬೆಳಿಗ್ಗೆ ಬರ್ತಾರೆ, ನೀವೇ ಕೊಡಿ.’