ಮುಂಗೋಡೆ ಮೀಮಾಂಸೆ: ಬಾತ್ ನಗರದ ಹಳೆ ಮನೆ ಕೊಳ್ಳುವವರಿಗೊಂದು ಶಾಸ್ತ್ರಗ್ರಂಥ

ಜೀರ್ಣೋದ್ಧಾರಗೊಂಡ ಐತಿಹಾಸಿಕ ಮನೆ ಮಾರಾಟಕ್ಕಿದೆ ಎಂದಾಗ ನಿಜಕ್ಕೂ ಮಾರಾಟವಾಗುವುದೇನು? ಈ ಜಿಜ್ಞಾಸೆಗೆ ಇಂಗ್ಲೆಂಡಿನ ಬಾತ್‌ಗಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಅಲ್ಲಿ ಕಿರಿಯ ಜಾನ್ ವುಡ್ 1767ರಲ್ಲಿ ಆರಂಭಿಸಿದ ರಾಯಲ್ ಕ್ರೆಸೆಂಟ್, ಅಂದರೆ ಅರ್ಧಚಂದ್ರಾಕಾರದ 30 ಮನೆಗಳ ಸಾಲು, ಪ್ರಕೃತ ಶಾಸ್ತ್ರಕ್ಕೆ ಆಧಾರ.

ಪ್ರಥಮ ಅಧಿಕರಣ, ಜಲವಿಚಾರ. ಮನೆಗೆ ಬೆಲೆ ಬಂದದ್ದು ಬಿಸಿನೀರಿನ ಬುಗ್ಗೆಯಿಂದ ಎಂಬುದು ಪೂರ್ವಪಕ್ಷ. 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದಿನಕ್ಕೆ 11 ಲಕ್ಷ ಲೀಟರಿಗೂ ಮಿಕ್ಕಿ ಉಕ್ಕುತ್ತದೆ. ರೋಮನ್ನರು ಮಿಂದರು, 18ನೇ ಶತಮಾನದ ಸಿರಿವಂತರು ಮಿಂದು, ಕುಡಿದು, ಕುಣಿದು, ಜೂಜಾಡಿದರು. ಸರಿಯೇ. ಆದರೆ ಆ ನೀರು ಕ್ರೆಸೆಂಟಿನ ನಲ್ಲಿಗಳಿಗೆ ಬರುವುದಿಲ್ಲ. ಗುಡ್ಡದ ಮೇಲಿನವರು ಬಾಯ್ಲರನ್ನೇ ನಂಬಬೇಕು. ಸಾಲದ್ದಕ್ಕೆ, ಅಪಾಯಕಾರಿ ಅಮೀಬಾದ ದೆಸೆಯಿಂದ 1978ರಲ್ಲಿ ಬುಗ್ಗೆಯ ಸ್ನಾನ ನಿಂತಿತು; ಹೊಸ ಸ್ನಾನಗೃಹ ತೆರೆದದ್ದು 2006ರಲ್ಲಿ. ನಡುವೆ 1987ರಲ್ಲಿ, ಯಾರೂ ಮೀಯದಿದ್ದ ಕಾಲದಲ್ಲೇ, ಯುನೆಸ್ಕೊ ಇಡೀ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದ್ದರಿಂದ ನೀರು ಕಾರಣವಲ್ಲ, ನೆಪ.

ದ್ವಿತೀಯ ಅಧಿಕರಣ, ಮುಂಗೋಡೆ. ವುಡ್ ರೂಪಿಸಿದ್ದು ಮುಂಭಾಗವನ್ನು ಮಾತ್ರ. ಗಿರಾಕಿ ಇಷ್ಟು ಅಡಿ ಮುಂಗೋಡೆ ಹಿಡಿದು, ಅದರ ಹಿಂದೆ ತನ್ನ ಮನಸ್ಸಿಗೆ ಬಂದಂತೆ ಮನೆ ಕಟ್ಟಿಸಿಕೊಳ್ಳುತ್ತಿದ್ದ. ಹುಲ್ಲುಹಾಸಿನಲ್ಲಿ ನಿಂತು ನೋಡಿದರೆ ಜೇನುಬಣ್ಣದ ಕಲ್ಲು, 114 ಅಯೋನಿಕ್ ಕಂಬಗಳು, ಒಂದರ ತದ್ರೂಪು ಇನ್ನೊಂದು. ಹಿತ್ತಿಲಿಗೆ ಬಂದರೆ ಒಬ್ಬರ ಮಾಡು ಮೇಲೆ, ಪಕ್ಕದವರದು ಕೆಳಗೆ. ಒಬ್ಬರ ಗೋಡೆ ಮುಂದೆ ಚಾಚಿದೆ, ಇನ್ನೊಬ್ಬರದು ಒಳಕ್ಕೆ ಸರಿದಿದೆ. ಕಿಟಕಿಗಳಿಗೆ ಪರಸ್ಪರ ಮಾತುಕತೆಯೇ ಇಲ್ಲ. ಮುಂದೆ ಅದ್ವೈತ, ಹಿಂದೆ ಅಪ್ಪಟ ದ್ವೈತ.

ತೃತೀಯ ಅಧಿಕರಣ, ಜೀರ್ಣೋದ್ಧಾರ. ಯಾವ ಕಾಲಕ್ಕೆ ಉದ್ಧಾರ? 19ನೇ ಶತಮಾನದಲ್ಲಿ ಊರಿನ ಅನೇಕರು ಬೆಳಕು ಬರಲೆಂದು ಕಿಟಕಿಯ ಕೆಳದಂಡೆ ಕತ್ತರಿಸಿ, ಚಿಕ್ಕ ಗಾಜುಗಳನ್ನು ಕಿತ್ತು ದೊಡ್ಡವನ್ನು ಕೂರಿಸಿದರು. ಇಂದು ಅದನ್ನು ಮೊದಲಿನಂತೆ ಮಾಡಿದರೆ 18ನೇ ಶತಮಾನ ಉಳಿಯಿತು, 19ನೆಯದು ಅಳಿಯಿತು. ಈ ಧರ್ಮಸಂಕಟವನ್ನು ಕಾನೂನು ಸುಲಭವಾಗಿ ಬಗೆಹರಿಸಿದೆ: ಯಾವ ಶತಮಾನವೇ ಆಗಲಿ, ಮೊದಲು ಅರ್ಜಿ ಹಾಕಬೇಕು. ಸಂರಕ್ಷಿತ ಕಟ್ಟಡದ ಸ್ವರೂಪವನ್ನು ಒಪ್ಪಿಗೆಯಿಲ್ಲದೆ ಬದಲಿಸಿದರೆ ಕ್ರಿಮಿನಲ್ ಅಪರಾಧ.

ಇದಕ್ಕೆ ಕ್ರೆಸೆಂಟಿನ 22ನೇ ನಂಬರಿನ ಬಾಗಿಲೇ ಪ್ರಮಾಣ. ಸಾಲಿಗೆ ಸಾಲೇ ಬಿಳಿ ಬಾಗಿಲಿದ್ದಾಗ, 1970ರ ದಶಕದಲ್ಲಿ ಆ ಮನೆಯೊಡತಿ ತನ್ನದಕ್ಕೆ ಹಳದಿ ಬಳಿಸಿದರು. ಬಿಳಿಗೆ ತಿರುಗಿಸಿ ಎಂದು ನಗರಸಭೆ ನೋಟಿಸು ಕೊಟ್ಟಿತು. ಒಡತಿ ಜಗ್ಗಲಿಲ್ಲ. ಒಂದು ಡಬ್ಬ ಬಣ್ಣದ ವ್ಯಾಜ್ಯ ಪರಿಸರ ಖಾತೆಯ ಸಚಿವರ ತನಕ ಏರಿ, ಹಳದಿ ಉಳಿಯಿತು.

ಸಿದ್ಧಾಂತ: ಕೊಂಡವನು ಮಾಲೀಕನಲ್ಲ, ಅರ್ಚಕ. ಸೋರುವ ಮಾಡಿನ ಖರ್ಚು ಅವನದು, ದರ್ಶನ ಊರಿನದು, ಅಲಂಕಾರ ಬದಲಿಸುವ ಅಧಿಕಾರ ಕಚೇರಿಯದು.

ಫಲಶ್ರುತಿ: ಈ ಗ್ರಂಥ ಪಠಿಸಿದ ಮಾತ್ರಕ್ಕೆ ಕ್ರೆಸೆಂಟಿನಲ್ಲಿ ಮನೆ ಲಭಿಸದು. ಮುಮುಕ್ಷುಗಳಿಗೆ ಎರಡು ಮಾರ್ಗಗಳಿವೆ. ನಡುವಿನ 15 ಮತ್ತು 16ನೇ ನಂಬರಿನ ಹೋಟೆಲಿನಲ್ಲಿ ಒಂದು ರಾತ್ರಿ ತಂಗಬಹುದು. ಹಣ ಸಾಲದವರು ತುದಿಯ 1ನೇ ನಂಬರಿನ ಮ್ಯೂಸಿಯಂಗೆ ಟಿಕೆಟ್ ಪಡೆದು, ಊಟದ ಕೋಣೆ, ಮಲಗುವ ಕೋಣೆ, ಅಡುಗೆಮನೆಗಳನ್ನೆಲ್ಲ ನೋಡಿಕೊಂಡು, ಬಾಗಿಲಿಗೆ ಯಾವ ಬಣ್ಣ ಎಂಬ ಚಿಂತೆಯಿಲ್ಲದೆ ಹೊರಬೀಳಬಹುದು.