ಊರಿನ ತಲೆಗೆ ಕಟ್ಟಿದ್ದು

ಕನ್ನಡದ ಗಾದೆಗೆ ಊರಿನ ವಿಷಯದಲ್ಲಿ ಕೊಂಚ ದಾಕ್ಷಿಣ್ಯ. ‘ಕೆಟ್ಟು ಪಟ್ಟಣ ಸೇರು’ ಅನ್ನುತ್ತದೆಯೇ ಹೊರತು ಯಾವ ಪಟ್ಟಣ ಅಂತ ಬಾಯಿ ಬಿಡುವುದಿಲ್ಲ. ಹಂಪೆಯನ್ನು ಎಲ್ಲೋ ಒಂದು ಕಡೆ ಎಳೆದು ತಂದಿದೆ, ಅದೂ ಕೊಂಪೆಗೆ ಪ್ರಾಸ ಬೇಕಾಗಿತ್ತು ಅಂತ. ಇಂಗ್ಲಿಷ್ ಹಾಗಲ್ಲ. ಹೆಸರು, ವಿಳಾಸ ಸಮೇತ ಊರಿನ ಮಾನ ಕಳೆಯುತ್ತದೆ. ಮಜಾ ಏನೆಂದರೆ, ತಪ್ಪು ಮಾಡಿದವರು ಎಷ್ಟೋ ಸಲ ಆ ಊರಿನವರೇ ಅಲ್ಲ.

ಶಾಂಘೈಯನ್ನೇ ನೋಡಿ. ಯಾರನ್ನಾದರೂ ಮೋಸದಿಂದಲೋ ಬಲವಂತದಿಂದಲೋ ಕೆಲಸಕ್ಕೆ ಎಳೆದೊಯ್ದರೆ ಇಂಗ್ಲಿಷಿನಲ್ಲಿ ಅವನು ‘ಶಾಂಘೈಡ್’. ಆದರೆ ಈ ದಂಧೆ ಜೋರಾಗಿದ್ದದ್ದು ಹತ್ತೊಂಬತ್ತನೇ ಶತಮಾನದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹಡಗಿಗೆ ಆಳು ಸಿಗದಾಗ ದಲ್ಲಾಳಿಗಳು ಬಂದರಿನ ಹೆಂಡದಂಗಡಿಯಲ್ಲಿ ಕೈಗೆ ಸಿಕ್ಕವನಿಗೆ ಕಂಠಪೂರ್ತಿ ಕುಡಿಸಿ, ಸಾಲದಿದ್ದರೆ ತಲೆಗೆ ಎರಡು ಬಿಟ್ಟು, ಹಡಗಿಗೆ ಹೇರಿ ದುಡ್ಡು ಎಣಿಸುತ್ತಿದ್ದರು. ಅಮಲಿಳಿಯುವ ಹೊತ್ತಿಗೆ ಸುತ್ತ ನೀರು. 1915ರ ನಾವಿಕರ ಕಾಯ್ದೆ ಬಂದ ಮೇಲೆ ಈ ಹಾವಳಿ ನಿಂತಿತು. ಶಾಂಘೈ ಮಾಡಿದ ಪಾಪ, ದೂರ ಇದ್ದದ್ದು.

ಪಕ್ಕದ ಮಹಾರಾಷ್ಟ್ರದ ದೇವಲಾಲಿಯ ಪಾಡು ಇನ್ನೂ ಕಷ್ಟ. ಇಂಗ್ಲೆಂಡಿನಲ್ಲಿ ತಲೆ ಕೆಟ್ಟವನಿಗೆ ‘ಡೂಲ್ಯಾಲಿ’ ಅನ್ನುತ್ತಾರೆ. ನಾಶಿಕ್ ಹತ್ತಿರದ ಆ ದಂಡಿನಲ್ಲಿ, ಸೇವೆ ಮುಗಿಸಿದ ಬ್ರಿಟಿಷ್ ಸೋಲ್ಜರುಗಳು ಊರಿಗೆ ಹೋಗುವ ಹಡಗಿಗಾಗಿ ಕಾಯಬೇಕಿತ್ತು. ಹಡಗು ಹೊರಡುತ್ತಿದ್ದದ್ದು ನವೆಂಬರಿನಿಂದ ಮಾರ್ಚಿನವರೆಗೆ. ಏಪ್ರಿಲಿನಲ್ಲಿ ಬಂದು ಬಿದ್ದವನ ಗತಿ? ಕೆಲಸವಿಲ್ಲ, ಕಾರ್ಯವಿಲ್ಲ, ಬಿಸಿಲು, ಸೊಳ್ಳೆ, ಹೆಂಡ. ತಲೆ ನೆಟ್ಟಗಿರುವುದಾದರೂ ಹೇಗೆ? ಕಾಯಿಲೆಗೆ ‘ಡೂಲ್ಯಾಲಿ ಟ್ಯಾಪ್’ ಅಂತ ಹೆಸರಾಯಿತು. ಆ ಟ್ಯಾಪ್ ನಲ್ಲಿಯಲ್ಲ, ನಮ್ಮ ತಾಪವೇ. ಹಡಗಿನ ಟೈಂಟೇಬಲ್ ಹಾಕಿದ ಮಹಾಶಯನನ್ನು ಬಿಟ್ಟು ಊರಿಗೆ ಹುಚ್ಚಿನ ಪಟ್ಟ ಕಟ್ಟಿದರು.

ಇನ್ನು ಬೆಂಗಳೂರು. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮುಳ್ಳುತಂತಿ ಬೇಲಿ ಸಿಡಿಸಲು ಮದ್ದು ತುಂಬಿದ ಉದ್ದನೆಯ ಪೈಪು ತಯಾರಿಸಿದ. ಆ ‘ಬ್ಯಾಂಗಲೋರ್ ಟಾರ್ಪೆಡೊ’ 1944ರಲ್ಲಿ ನಾರ್ಮಂಡಿ ದಂಡೆಯಲ್ಲೂ ಸಿಡಿಯಿತು. ಇದನ್ನು ಒಪ್ಪಿಕೊಳ್ಳೋಣ. ಪೈಪು ತಂದು ನೆಲ ಎಬ್ಬಿಸುವ ವಿದ್ಯೆ ನಮ್ಮಲ್ಲಿ ಇಂದಿಗೂ ಅಳಿದಿಲ್ಲ.

ಒಪ್ಪಲಾಗದ್ದು ‘ಬ್ಯಾಂಗಲೋರ್ಡ್’. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಕಂಪನಿಗಳು ಅಗ್ಗದ ಸಂಬಳ ನೋಡಿ ಕೆಲಸವನ್ನು ಇತ್ತ ದಾಟಿಸಿದಾಗ, ಅಲ್ಲಿ ಕೆಲಸ ಕಳೆದುಕೊಂಡವನು ‘ಬ್ಯಾಂಗಲೋರ್ಡ್’ ಆದ. ಅದನ್ನೇ ಅಚ್ಚು ಹಾಕಿದ ಟೀ ಶರ್ಟೂ ಮಾರಾಟಕ್ಕೆ ಬಂತು. ಕತ್ತು ಹಿಡಿದು ತಳ್ಳಿದ್ದು ಅಲ್ಲಿಯ ಯಜಮಾನ, ಹೆಸರು ಕೆಟ್ಟದ್ದು ನಮ್ಮದು. 2014ರಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಅಂತ ತಿದ್ದಿದ್ದಾಯಿತು. ಬಯ್ಗುಳಕ್ಕೆ ಮಾತ್ರ ಯಾರೂ ಅಫಿಡವಿಟ್ ಮಾಡಿಸಲಿಲ್ಲ.

ಕೆಲಸಗಳು ಹೀಗೆ ಇತ್ತ ದಾಟುತ್ತಿದ್ದ ಕಾಲದಲ್ಲಿ ನಮ್ಮ ಸೋದರತ್ತೆಯ ಮಗನೂ ಅಮೆರಿಕದಲ್ಲಿದ್ದ. ಬಸವನಗುಡಿಯ ಹುಡುಗ. ಒಂದು ರಾತ್ರಿ ಫೋನ್ ಮಾಡಿ, “ಅಮ್ಮಾ, ನನ್ನ ಕೆಲಸ ಬೆಂಗಳೂರಿಗೆ ಹೋಯ್ತು” ಅಂದ.

“ಒಳ್ಳೇದೇ ಆಯ್ತಲ್ಲೋ. ಯಾವತ್ತು ಬರ್ತೀಯ?”

“ನಾನಲ್ಲಮ್ಮ, ಕೆಲಸ ಮಾತ್ರ.”

“ಕೆಲಸ ಮನೆ ಬಾಗಿಲಿಗೇ ಬಂದಿದೆ, ನೀನು ಅಲ್ಲೇನು ಮಾಡ್ತಿದ್ದೀಯೋ?”

ಮಾರನೆಯ ದಿನದಿಂದ ಅತ್ತೆ ಮಹಡಿಯ ಬಾಡಿಗೆ ಹುಡುಗನನ್ನು ಅನುಮಾನದಿಂದ ನೋಡತೊಡಗಿದರು. ರಾತ್ರಿ ಎಂಟಕ್ಕೆ ಬ್ಯಾಗು ನೇತುಹಾಕಿಕೊಂಡು ಕ್ಯಾಬ್ ಹತ್ತುವವನು, ಬೆಳಿಗ್ಗೆ ಹಾಲಿನವನ ಜೊತೆ ಮನೆಗೆ ಬರುವವನು. ಪಾಪ, ದಾವಣಗೆರೆ ಕಡೆಯವನು, ಐದನೇ ತಾರೀಖು ದಾಟಿಸದೆ ಬಾಡಿಗೆ ಕೊಡುತ್ತಿದ್ದ. ಮುಂದಿನ ತಿಂಗಳು ಅತ್ತೆ ಐನೂರು ಏರಿಸಿದರು.